ಐದು ಬಾರಿ ಮುಗಿದ ಧೊಂಡಿಯ

1800ರ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ ಎಂಬಲ್ಲಿ ಧೊಂಡಿಯ ವಾಘ ಸತ್ತ. ಅದಕ್ಕೂ ಮೊದಲೇ ಅವನ ಕತೆ ನಾಲ್ಕು ಸಲ ಮುಗಿದಿತ್ತು. ಒಂದು ಸಲ ಮರಾಠರ ಲೆಕ್ಕದಲ್ಲಿ, ಒಂದು ಸಲ ಟೀಪು ಸುಲ್ತಾನನ ಸೆರೆಮನೆಯಲ್ಲಿ, ಇನ್ನೆರಡು ಸಲ ಈಸ್ಟ್ ಇಂಡಿಯಾ ಕಂಪನಿಯ ವರದಿಗಳಲ್ಲಿ. ಪ್ರತಿ ಸಲವೂ ಅವನ ದಂಡು ಚದುರಿದ್ದು ನಿಜ, ಆನೆ, ಒಂಟೆ, ಸಾಮಾನು ಕೈಬಿಟ್ಟಿದ್ದೂ ನಿಜ. ಆದರೆ ಆಳು ಸಿಕ್ಕಿರಲಿಲ್ಲ, ಸಿಕ್ಕಾಗಲೂ ಸತ್ತಿರಲಿಲ್ಲ. ಹೀಗಾಗಿ ಐದನೆಯ ಸಲ ಗೆದ್ದವರು ಬರೀ ಕಾಗದ ಬರೆದು ಸುಮ್ಮನಾಗಲಿಲ್ಲ. ಹೆಣವನ್ನು ತೋಪಿನ ಗಾಡಿಗೆ ಬಿಗಿದು ಪಾಳೆಯಕ್ಕೆ ತಂದರು.

ಬಂಡುಕೋರ ನಾಯಕನೊಬ್ಬನನ್ನು ಕೊಂದೆವು ಎಂದು ಸರಕಾರ ಹೇಳಿದಾಗ ಜನ ಅದನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆಗೆ ಧಾರವಾಡ ಸೀಮೆಯಲ್ಲಿ ಇಷ್ಟು ಹಳೆಯ ಇತಿಹಾಸವಿದೆ. ಕಂಪನಿಯ ಕಾಗದಪತ್ರಗಳು ಧೊಂಡಿಯನನ್ನು ಲೂಟಿಗಾರ, ದರೋಡೆಕೋರ ಎಂದು ಕರೆದವು. ಅವನು ತನ್ನನ್ನು ಉಭಯ ಲೋಕಗಳ ಒಡೆಯ ಎಂದು ಕರೆದುಕೊಂಡ. ಇಪ್ಪತ್ತನೆಯ ಶತಮಾನದ ಕೆಲವು ಇತಿಹಾಸಕಾರರು ಬ್ರಿಟಿಷರ ವಿರುದ್ಧ ದಕ್ಷಿಣದಲ್ಲಿ ಕತ್ತಿ ಹಿಡಿದ ಮೊದಲಿಗರಲ್ಲಿ ಅವನನ್ನು ಸೇರಿಸಿದರು. ಹಳ್ಳಿಗಳನ್ನು ಸುಲಿದದ್ದೂ ಅವನೇ, ಕಂಪನಿಗೆ ಒಂದು ವರ್ಷ ನಿದ್ದೆಗೆಡಿಸಿದ್ದೂ ಅವನೇ. ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಿಡಬೇಕಿಲ್ಲ.

ಧೊಂಡಿಯ ಹುಟ್ಟಿದ್ದು ಚನ್ನಗಿರಿಯಲ್ಲಿ, ಮರಾಠಾ ಮನೆತನವೊಂದರಲ್ಲಿ. ಹೈದರಾಲಿಯ ಕುದುರೆ ದಂಡಿನಲ್ಲಿ ಸವಾರನಾಗಿ ಸೇರಿ ಟೀಪುವಿನ ಕಾಲದವರೆಗೂ ಚಾಕರಿ ಮಾಡಿದ. 1790ರ ದಶಕದ ಆರಂಭದಲ್ಲಿ ಮೂರನೆಯ ಮೈಸೂರು ಯುದ್ಧ ನಡೆದಿದ್ದಾಗ ಕೈಗೆ ಸಿಕ್ಕಷ್ಟು ಎತ್ತಿಕೊಂಡು ಉತ್ತರಕ್ಕೆ ಬಂದು ಲಕ್ಷ್ಮೇಶ್ವರದ ದೇಸಾಯಿಯ ಆಶ್ರಯ ಪಡೆದ. ಅದು ಅಂಥವನಿಗೆ ಹೇಳಿ ಮಾಡಿಸಿದ ಸೀಮೆಯಾಗಿತ್ತು. ಧಾರವಾಡದ ಕೋಟೆಯನ್ನು ಮರಾಠರು ಕಂಪನಿಯ ತುಕಡಿಯ ಜೊತೆ ಸೇರಿ ತಿಂಗಳುಗಟ್ಟಲೆ ಮುತ್ತಿ 1791ರ ಏಪ್ರಿಲ್‌ನಲ್ಲಿ ಬದ್ರುಜ್ಜಮಾನ್ ಖಾನನಿಂದ ಪಡೆದಿದ್ದರು. ಮರುವರ್ಷದ ಶ್ರೀರಂಗಪಟ್ಟಣ ಒಪ್ಪಂದದಂತೆ ತುಂಗಭದ್ರೆಯ ಉತ್ತರದ ನಾಡು ಪೇಶ್ವೆಯ ಪಾಲಾಯಿತು. ಪಾಲಾಯಿತೆಂದರೆ ಕಾಗದದಲ್ಲಿ. ಊರೂರಿಗೆ ದೇಸಾಯಿಗಳು, ಕೋಟೆಗೊಬ್ಬ ಕಿಲ್ಲೇದಾರ, ಪೂರ್ವಕ್ಕೆ ನಿಜಾಮ, ದಕ್ಷಿಣಕ್ಕೆ ಮೈಸೂರು, ವಾಯವ್ಯಕ್ಕೆ ಕೊಲ್ಲಾಪುರ. ಒಂದು ಹೊಳೆ ದಾಟಿದರೆ ಬೆನ್ನಟ್ಟಿದವನ ಹುಕುಮು ನಡೆಯುತ್ತಿರಲಿಲ್ಲ.

1793ರ ಸುಮಾರಿಗೆ ಧೊಂಡಿಯ ಹಾವೇರಿ ಸುಲಿದು ಸವಣೂರಿಗೆ ಕೈಹಾಕಿದ. ಪೇಶ್ವೆಯ ಸರದಾರ ಧೋಂಡೋಪಂತ ಗೋಖಲೆ ದಂಡೆತ್ತಿ ಬಂದು ಅವನ ಗುಂಪನ್ನು ಒಡೆದು ತುಂಗಭದ್ರೆಯಾಚೆಗೆ ಅಟ್ಟಿದ. ಇದು ಮೊದಲನೆಯ ಅಂತ್ಯ. ಅಟ್ಟಿಸಿಕೊಂಡವನು 1794ರಲ್ಲಿ ಇನ್ನೂರು ಸವಾರರೊಂದಿಗೆ ಹಳೆಯ ಧಣಿ ಟೀಪುವಿನ ಬಳಿಗೇ ಹೋದ. ಸುಲ್ತಾನ ಮೊದಲು ಬರಮಾಡಿಕೊಂಡು, ಆಮೇಲೆ ಅವನನ್ನು ಮುಸಲ್ಮಾನನನ್ನಾಗಿ ಮಾಡಿ, ಮಲಿಕ್ ಜಹಾನ್ ಖಾನ್ ಎಂದು ಹೆಸರಿಟ್ಟು, ಬೇಡಿ ಹಾಕಿಸಿದ. ಇದು ಎರಡನೆಯದು. ಐದು ವರ್ಷ ಅವನ ಸುದ್ದಿಯಿಲ್ಲ.

1799ರ ಮೇ 4ರ ಮಧ್ಯಾಹ್ನ ಶ್ರೀರಂಗಪಟ್ಟಣ ಬಿತ್ತು. ಸುಲ್ತಾನ ಸತ್ತನೆಂಬ ಮಾತು ಬೇಗನೆ ಹಬ್ಬಿತಾದರೂ ಕಂಪನಿಯ ಸೇನಾಧಿಕಾರಿಗಳು ಮಾತನ್ನು ನಂಬಿ ಕೂರುವಂತಿರಲಿಲ್ಲ. ಅವನು ತಪ್ಪಿಸಿಕೊಂಡಿದ್ದರೆ ಗೆದ್ದ ಕೋಟೆಗೂ ಬೆಲೆಯಿರುತ್ತಿರಲಿಲ್ಲ. ಮೊದಲು ಅರಮನೆಯಲ್ಲಿ ಹುಡುಕಿದರು. ಕತ್ತಲಾದ ಮೇಲೆ ಜನರಲ್ ಬೇರ್ಡ್ ಪಂಜಿನ ಬೆಳಕಿನಲ್ಲಿ ಕೋಟೆಯ ನೀರಬಾಗಿಲ ಹತ್ತಿರದ ಹೆಣಗಳ ರಾಶಿಯನ್ನು ಒಂದೊಂದಾಗಿ ಎಳೆಸಿದ. ಪಲ್ಲಕ್ಕಿಯ ಕೆಳಗೆ ಗಾಯಗೊಂಡು ಬಿದ್ದಿದ್ದ ಸೇವಕ ರಾಜಾಖಾನ್ ಒಡೆಯ ಬಿದ್ದ ಜಾಗ ತೋರಿಸಿದ. ಟೀಪುವಿನ ದೇಹವನ್ನು ಅವನ ಹತ್ತಿರದವರೇ ಗುರುತಿಸಿದರು. ಮರುದಿನ ಗುಂಬಜಿನಲ್ಲಿ ಹೈದರನ ಪಕ್ಕದಲ್ಲಿ ಅದರ ದಫನ್ ಸಕಲ ಮರ್ಯಾದೆಗಳೊಂದಿಗೆ, ಸಾವಿರಾರು ಜನರ ಕಣ್ಣೆದುರಿಗೆ ನಡೆಯಿತು.

ಒಬ್ಬ ವೈರಿಯ ಹೆಣಕ್ಕಾಗಿ ಇಷ್ಟೆಲ್ಲ ಹುಡುಕಾಟ ನಡೆದ ಗದ್ದಲದಲ್ಲೇ ಇನ್ನೊಬ್ಬ ಬದುಕಿ ಹೊರಬಿದ್ದ. ಸೆರೆಮನೆಗಳ ಬಾಗಿಲು ತೆರೆದಿದ್ದವು, ಧೊಂಡಿಯ ಬಿಡುಗಡೆಯಾದ.

ಟೀಪುವಿನ ಸೇನೆಯನ್ನು ವಿಸರ್ಜಿಸಿದ್ದೇ ಅವನಿಗೆ ಬಂಡವಾಳವಾಯಿತು. ಸಂಬಳವಿಲ್ಲದ ಸಾವಿರಾರು ಸವಾರರು, ಕೈಯಲ್ಲಿ ಕತ್ತಿ, ಕೆಳಗೆ ಕುದುರೆ, ಮಾಡಲು ಬೇರೆ ಕೆಲಸವಿಲ್ಲ. ಕೆಲವೇ ವಾರಗಳಲ್ಲಿ ಬಿದನೂರು, ಶಿಕಾರಿಪುರದ ಕಡೆಯ ಕೋಟೆಗಳು ಅವನ ಕೈಸೇರಿದವು. ಕರ್ನಲ್ ಸ್ಟೀವನ್‌ಸನ್ ಮತ್ತು ಕರ್ನಲ್ ಡಾಲ್ರಿಂಪಲ್ ಎರಡು ಕಡೆಯಿಂದ ಒತ್ತಿಕೊಂಡು ಬಂದು ಆಗಸ್ಟ್ 17ರಂದು ಶಿಕಾರಿಪುರದ ಹತ್ತಿರ ಅವನನ್ನು ಸೋಲಿಸಿದರು. ಧೊಂಡಿಯ ಹೊಳೆ ದಾಟಿ ಮರಾಠರ ಸೀಮೆ ಹೊಕ್ಕ. ಅಲ್ಲಿ ಹಳೆಯ ವೈರಿ ಗೋಖಲೆ ಕಾದಿದ್ದ. ಆಗಸ್ಟ್ 20ರಂದು ಅವನ ಪಾಳೆಯಕ್ಕೆ ನುಗ್ಗಿ ಆನೆ, ಒಂಟೆ, ತೋಪುಗಳನ್ನೆಲ್ಲ ಕಿತ್ತುಕೊಂಡ. ಮೈಸೂರಿನ ಮಟ್ಟಿಗೆ ಕೆಲಸ ಮುಗಿಯಿತೆಂದು ಕಂಪನಿ ತೀರ್ಮಾನಿಸಿತು. ಮರಾಠರೂ ಹಾಗೇ ತಿಳಿದರು. ಎರಡು ಸರಕಾರಗಳು ಒಂದೇ ವಾರದಲ್ಲಿ ಒಬ್ಬನನ್ನೇ ಮುಗಿಸಿದ್ದವು. ಈ ಮೂರನೆಯ ಅಂತ್ಯವನ್ನು ಸುಳ್ಳೆನ್ನಲಾಗದು, ಏಕೆಂದರೆ ವರದಿಯಲ್ಲಿದ್ದ ಪ್ರತಿ ವಾಕ್ಯವೂ ನಿಜವಾಗಿತ್ತು. ಗಡಿಯಾಚೆ ಹೋದವನನ್ನು ಇಲ್ಲದವನೆಂದು ಎಣಿಸಿದ್ದಷ್ಟೇ ತಪ್ಪು.

ಧೊಂಡಿಯ ಕೆಲಕಾಲ ಕೊಲ್ಲಾಪುರದ ಆಶ್ರಯದಲ್ಲಿದ್ದು, 1800ರ ಬೇಸಿಗೆಗೆ ಮತ್ತೆ ಧಾರವಾಡ ಸೀಮೆಯಲ್ಲಿ ಕಾಣಿಸಿಕೊಂಡ. ಈ ಸಲ ಜೊತೆಗಿದ್ದದ್ದು ಹತ್ತಾರು ಸಾವಿರ ಜನ. ಎಷ್ಟೆಂದು ಖಚಿತವಾಗಿ ಹೇಳುವುದು ಕಷ್ಟ. ಇಂಥ ದಂಡಿನಲ್ಲಿ ಕಾದುವ ಸವಾರರಿಗಿಂತ ಹಿಂಬಾಲಕರು, ಹೆಂಗಸರು, ಮಕ್ಕಳು, ವ್ಯಾಪಾರಿಗಳೇ ಹೆಚ್ಚು. ಎದುರಾಳಿಯ ಸಂಖ್ಯೆ ದೊಡ್ಡದಾದಷ್ಟೂ ಗೆಲುವೂ ದೊಡ್ಡದಾಗಿ ಕಾಣುವುದರಿಂದ ಸೇನಾ ವರದಿಗಳ ಎಣಿಕೆಯನ್ನು ಸ್ವಲ್ಪ ಕಳೆದೇ ಓದಬೇಕು.

ಈಗ ಮದರಾಸಿನ ಗವರ್ನರ್ ಲಾರ್ಡ್ ಕ್ಲೈವ್ ಕೊಟ್ಟ ಆದೇಶದಲ್ಲಿ ಗಡಿಯ ಸಂಕೋಚವಿರಲಿಲ್ಲ. ಧೊಂಡಿಯ ಎಲ್ಲಿ ಸಿಕ್ಕರೂ ಬೆನ್ನಟ್ಟಿ ಹಿಡಿದು, ಎದುರಾದ ಮೊದಲ ಮರಕ್ಕೆ ನೇಣು ಹಾಕಬೇಕು. ವಿಚಾರಣೆಯ ಮಾತಿಲ್ಲ. ಪೇಶ್ವೆಯ ನೆಲದೊಳಕ್ಕೆ ಕಾಲಿಡಲು ಪುಣೆಯ ಒಪ್ಪಿಗೆಯನ್ನೂ ಪಡೆಯಲಾಗಿತ್ತು. ಕೆಲಸ ವಹಿಸಿಕೊಂಡವನು ಗವರ್ನರ್ ಜನರಲನ ತಮ್ಮ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುಂದೆ ವೆಲಿಂಗ್ಟನ್ ಡ್ಯೂಕನೆನಿಸಿ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಈತ ಸ್ವತಂತ್ರವಾಗಿ ನಡೆಸಿದ ಮೊದಲ ದಂಡಯಾತ್ರೆ ಇದೇ. ಇದೇ ಹೊತ್ತಿಗೆ ಡಚ್ಚರ ಬಟೇವಿಯದ ಮೇಲೆ ಹೋಗುವ ಸೇನೆಯ ನಾಯಕತ್ವ ಅವನನ್ನು ಹುಡುಕಿಕೊಂಡು ಬಂದಿತ್ತು. ಧೊಂಡಿಯನ ಕೆಲಸ ಬಾಕಿಯಿದೆಯೆಂದು ಅದನ್ನು ಬಿಟ್ಟುಕೊಟ್ಟ.

ಜೂನ್ ಕೊನೆಯ ವಾರ ವೆಲ್ಲೆಸ್ಲಿಯ ಸೇನೆ ಹರಿಹರದ ಹತ್ತಿರ ತುಂಗಭದ್ರೆ ದಾಟಿ ರಾಣೆಬೆನ್ನೂರು ಹಿಡಿಯಿತು. ಮುಂಗಾರು ಹಿಡಿದು ಹೊಳೆಗಳು ತುಂಬಿದ್ದವು. ಎರೆಭೂಮಿಯ ಕೆಸರಿನಲ್ಲಿ ತೋಪಿನ ಗಾಡಿ ಎಳೆಯುವುದು ಎಂಥ ಪಾಡೆಂಬುದು ಈ ಸೀಮೆಯ ರೈತರಿಗೆ ಹೇಳಬೇಕಾಗಿಲ್ಲ. ವೆಲ್ಲೆಸ್ಲಿ ಲಂಬಾಣಿಗರ ಹೇರೆತ್ತುಗಳ ಮೇಲೆ ಅಕ್ಕಿ ತರಿಸಿದ, ಹೊಳೆ ದಾಟಲು ಹರಿಗೋಲು ಕಟ್ಟಿಸಿದ. ಅವನ ಪತ್ರಗಳಲ್ಲಿ ಕಾದಾಟಕ್ಕಿಂತ ಅಕ್ಕಿ, ಎತ್ತು, ಹರಿಗೋಲುಗಳ ಮಾತೇ ಹೆಚ್ಚು.

ಅತ್ತ ಜೂನ್ 30ರಂದು ಕಿತ್ತೂರಿನ ಹತ್ತಿರ ಧೊಂಡಿಯ ಗೋಖಲೆಯ ದಂಡಿನ ಮೇಲೆ ಹಠಾತ್ತನೆ ಬಿದ್ದ. ಧೋಂಡೋಪಂತ ಗೋಖಲೆ ಸತ್ತ, ಅವನ ಅಣ್ಣನ ಮಗ ಬಾಪು ಗೋಖಲೆ ಗಾಯಗೊಂಡು ತಪ್ಪಿಸಿಕೊಂಡ. ಗೋಖಲೆಯ ಎದೆಯ ರಕ್ತದಲ್ಲಿ ಮೀಸೆಗೆ ಬಣ್ಣ ಹಾಕುತ್ತೇನೆಂದು ಧೊಂಡಿಯ ಆಣೆ ಮಾಡಿದ್ದನಂತೆ, ಅದನ್ನು ಅಂದು ತೀರಿಸಿದನಂತೆ. ಮುಂಬಯಿ ಪ್ರಾಂತದ ಗ್ಯಾಜೆಟಿಯರ್ ಈ ಕತೆಯನ್ನು ದಾಖಲಿಸಿದೆ. ಕುರುಕ್ಷೇತ್ರದಲ್ಲಿ ಭೀಮ ದುಶ್ಶಾಸನನಿಗೆ ಮಾಡಿದ್ದನ್ನು ಕೇಳಿ ಬೆಳೆದ ನಾಡಿನಲ್ಲಿ ಇಂಥ ಕತೆ ತಾನಾಗಿ ಹುಟ್ಟಬಲ್ಲದು. ಗೋಖಲೆ ಸತ್ತದ್ದನ್ನು ನಂಬಬಹುದು, ಮೀಸೆಯ ಸಂಗತಿಯನ್ನು ನಂಬಲೇಬೇಕೆಂದಿಲ್ಲ. ಏನೇ ಆದರೂ ಮೂರನೆಯ ಅಂತ್ಯ ಬರೆದವನನ್ನೇ ಧೊಂಡಿಯ ಮುಗಿಸಿದ್ದ.

ಜುಲೈ 12ರಂದು ವೆಲ್ಲೆಸ್ಲಿ ಸವಣೂರು ಮುಟ್ಟಿದ. ಭಾರದ ಸಾಮಾನನ್ನು ಅಲ್ಲಿ ಬಿಟ್ಟು 14ರಂದು ಕುಂದಗೋಳದ ಕೋಟೆಯನ್ನು ನುಗ್ಗಿ ಹಿಡಿದ. ಧೊಂಡಿಯ ಅಲ್ಲಿ ಆರುನೂರು ಜನರನ್ನಷ್ಟೇ ಕಾವಲಿಗೆ ಬಿಟ್ಟು ಜಾರಿದ್ದ. ಲಕ್ಷ್ಮೇಶ್ವರ ತೆರವಾಗಿತ್ತು, ಶಿರಹಟ್ಟಿಯ ಮುತ್ತಿಗೆ ತೆಗೆದಿತ್ತು. 26ರಂದು ಡಂಬಳ ಬಿತ್ತು, ಮರುದಿನ ಗದಗ. ಹದಿನೈದು ದಿನದಲ್ಲಿ ಇಷ್ಟು ಕೋಟೆಗಳು ಕೈವಶವಾದವೆಂಬ ಪಟ್ಟಿ ಮದರಾಸಿನಲ್ಲಿ ಓದಲು ಚೆನ್ನಾಗಿತ್ತು. ಧೊಂಡಿಯನಿಗೆ ಕೋಟೆ ಬೇಕಿರಲಿಲ್ಲ, ಅವನಿಗೆ ಬೇಕಿದ್ದದ್ದು ಬಯಲು.

ಈ ದಿನಗಳಲ್ಲೇ ಧೊಂಡಿಯನನ್ನು ಗುಟ್ಟಾಗಿ ಕೊಲ್ಲಿಸಿಕೊಡುವ ಪ್ರಸ್ತಾಪವೊಂದು ವೆಲ್ಲೆಸ್ಲಿಯ ಮುಂದೆ ಬಂತು. ತಲೆಗೆ ಬಹುಮಾನವನ್ನು ಬಹಿರಂಗವಾಗಿ ಸಾರುವುದು ಬೇರೆ, ಒಳಗೊಳಗೆ ಕೊಲೆಗೆ ಮಾತಾಡಿಕೊಳ್ಳುವುದು ಬೇರೆ, ಸೇನೆಯ ಮುಂದೆ ನಿಂತ ಅಧಿಕಾರಿ ಎರಡನೆಯದನ್ನು ಮಾಡಲಾಗದು ಎಂಬರ್ಥದ ಉತ್ತರ ಕೊಟ್ಟು ಅವನು ಅದನ್ನು ತಳ್ಳಿಹಾಕಿದ. ವಿಚಾರಣೆಯಿಲ್ಲದೆ ಮರಕ್ಕೆ ನೇತುಹಾಕುವ ಆದೇಶ ಜೇಬಿನಲ್ಲಿಟ್ಟುಕೊಂಡೇ ಅವನು ಈ ಗೆರೆ ಎಳೆದನೆಂಬುದು ವಿಚಿತ್ರವಾಗಿ ಕಾಣಬಹುದು. ಆದರೂ ಗೆರೆಯಂತೂ ಇತ್ತು.

ಜುಲೈ 29ಕ್ಕೆ ಸವದತ್ತಿ. ಧೊಂಡಿಯ ದಂಡನ್ನು ಮೂರು ಪಾಲು ಮಾಡಿ ಬೇರೆ ಬೇರೆ ದಿಕ್ಕಿಗೆ ಕಳಿಸಿದ್ದಾನೆ, ಒಂದು ಪಾಲು ಮುನವಳ್ಳಿಯ ಎದುರಿಗೆ ಮಲಪ್ರಭೆಯ ದಂಡೆಯಲ್ಲಿ ಬೀಡುಬಿಟ್ಟಿದೆ ಎಂಬ ಸುದ್ದಿ ಬಂತು. 30ರಂದು ವೆಲ್ಲೆಸ್ಲಿ ಇಪ್ಪತ್ತಾರು ಮೈಲು ನಡೆದು ಮಧ್ಯಾಹ್ನ ಮೂರರ ಹೊತ್ತಿಗೆ ಕುದುರೆ ದಂಡಿನೊಂದಿಗೆ ಆ ಪಾಳೆಯದ ಮೇಲೆ ಬಿದ್ದ. ಹಿಂದೆ ತುಂಬಿದ ಹೊಳೆ, ಮುಂದೆ ಕತ್ತಿ. ಸಾವಿರಾರು ಜನ ನೀರುಪಾಲಾದರೆಂದು ಹೇಳಲಾಯಿತು. ಧೊಂಡಿಯನ ಮುಖ್ಯ ಸರದಾರರಲ್ಲೊಬ್ಬನಾದ ಬಬ್ಬರ್ ಜಂಗ್ ಮುಳುಗಿ ಸತ್ತ. ಆನೆ, ಒಂಟೆ, ಎತ್ತು, ಕುದುರೆಗಳೆಲ್ಲ ಸೆರೆ ಸಿಕ್ಕವು.

ಇದು ನಾಲ್ಕನೆಯ ಅಂತ್ಯ, ಅನುಮಾನಕ್ಕೆ ಅತಿ ಹೆಚ್ಚು ಎಡೆ ಕೊಡುವಂಥದ್ದು. ಹೊಳೆಯಲ್ಲಿ ಹೋದವರನ್ನು ಎಣಿಸಿದವರು ಯಾರೂ ಇಲ್ಲ. ಪ್ರವಾಹಕ್ಕೆ ಬಿದ್ದವರಲ್ಲಿ ಎಷ್ಟು ಜನ ಆಚೆ ದಡ ಸೇರಿದರು, ಎಷ್ಟು ಜನ ಮುಳುಗಿದರು, ಮುಳುಗಿದವರಲ್ಲಿ ಕತ್ತಿ ಹಿಡಿದವರೆಷ್ಟು, ಪಾಳೆಯದ ಹೆಂಗಸರು ಮಕ್ಕಳೆಷ್ಟು ಎಂಬುದನ್ನು ಮಲಪ್ರಭೆ ಯಾರಿಗೂ ಹೇಳಲಿಲ್ಲ. ಧೊಂಡಿಯನ ಬಲ ಮುರಿಯಿತು ಎಂಬ ಮಾತು ಮಾತ್ರ ಮುಂದಿನ ಘಟನೆಗಳಿಂದ ನಿಜವೆನಿಸಿತು. ಜನ ಅವನನ್ನು ಬಿಟ್ಟು ಚದುರತೊಡಗಿದರು. ಆಳು ಮಾತ್ರ ಸಿಗಲಿಲ್ಲ.

ಆಗಸ್ಟ್ ಪೂರ್ತಿ ಬೆನ್ನಟ್ಟುವುದರಲ್ಲೇ ಕಳೆಯಿತು. ಧೊಂಡಿಯ ಕಿತ್ತೂರು ಸೀಮೆಯ ಕಾಡು ಹೊಕ್ಕು, ಮಲಪ್ರಭೆಯ ಹುಟ್ಟಿನ ಕಡೆಯಿಂದ ಸುತ್ತುಹಾಕಿ, ಮತ್ತೆ ಪೂರ್ವಕ್ಕೆ ಇಳಿದು ನಿಜಾಮನ ಸೀಮೆ ಸೇರಿದ. ಸ್ಟೀವನ್‌ಸನ್ ಉತ್ತರದಿಂದ, ವೆಲ್ಲೆಸ್ಲಿ ದಕ್ಷಿಣದಿಂದ ಅವನನ್ನು ಕೃಷ್ಣಾ ತುಂಗಭದ್ರೆಗಳ ನಡುವಿನ ಬಯಲಿಗೆ ತಳ್ಳುತ್ತ ಬಂದರು. ಸೆಪ್ಟೆಂಬರ್ 10ರ ಬೆಳಿಗ್ಗೆ ವೆಲ್ಲೆಸ್ಲಿ ಯಾಪಲಪರ್ವಿಯ ಬೀಡಿನಿಂದ ಹೊರಟ. ಜೊತೆಗಿದ್ದದ್ದು ನಾಲ್ಕು ಕುದುರೆ ರೆಜಿಮೆಂಟುಗಳು ಮಾತ್ರ, ಎರಡು ಇಂಗ್ಲಿಷರವು, ಎರಡು ಮದರಾಸಿನ ದೇಶೀ ಸವಾರರವು. ಕೋಣಗಲ್ ಹತ್ತಿರ ಎದುರಾದ ಧೊಂಡಿಯನ ಬಳಿ ಸುಮಾರು ಐದು ಸಾವಿರ ಸವಾರರಿದ್ದರು. ವೆಲ್ಲೆಸ್ಲಿ ನಾಲ್ಕೂ ರೆಜಿಮೆಂಟುಗಳನ್ನು ಒಂದೇ ಸಾಲಾಗಿ ನಿಲ್ಲಿಸಿ, ಹಿಂದೆ ಯಾರನ್ನೂ ಉಳಿಸಿಕೊಳ್ಳದೆ, ತಾನೇ ಮುಂದಾಗಿ ನುಗ್ಗಿದ. ಧೊಂಡಿಯನ ಜನ ಸ್ವಲ್ಪ ಹೊತ್ತು ಗಟ್ಟಿಯಾಗಿ ನಿಂತು, ಆಮೇಲೆ ಒಡೆದರು. ಆ ನುಗ್ಗಾಟದಲ್ಲೇ ಧೊಂಡಿಯ ಸತ್ತ.

ಹೆಣಗಳ ನಡುವೆ ಅವನನ್ನು ಗುರುತಿಸಿ, 19ನೆಯ ಡ್ರಾಗೂನ್ ರೆಜಿಮೆಂಟಿನ ಹಗುರ ತೋಪೊಂದಕ್ಕೆ ಕಟ್ಟಿ ಪಾಳೆಯಕ್ಕೆ ಸಾಗಿಸಿದರು. ವೈರಿಯ ದೇಹಕ್ಕೆ ಇದು ಗೌರವವಲ್ಲ. ಹದಿನಾರು ತಿಂಗಳ ಹಿಂದೆ ಟೀಪುವಿಗೆ ಸಿಕ್ಕ ಮರ್ಯಾದೆ ಧೊಂಡಿಯನಿಗೆ ಸಿಗಲಿಲ್ಲ. ರಾಜನಿಗೆ ಒಂದು ನ್ಯಾಯ, ದರೋಡೆಕೋರನೆಂದು ಹೆಸರಿಟ್ಟವನಿಗೆ ಇನ್ನೊಂದು. ಆದರೆ ಸೇನೆಗಾಗಲಿ ದೇಸಾಯಿಗಳಿಗಾಗಲಿ ಊರವರಿಗಾಗಲಿ ಬರೀ ಮಾತು ಸಾಕಾಗುವ ಸ್ಥಿತಿಯೂ ಇರಲಿಲ್ಲ. ನಾಲ್ಕು ಸಲ ಎದ್ದು ಬಂದವನ ಸಾವನ್ನು ಕಣ್ಣಾರೆ ತೋರಿಸಬೇಕಿತ್ತು.

ಕೋಣಗಲ್ಲಿನ ಬಗ್ಗೆ ಉಳಿದಿರುವ ಬರಹ ಹೆಚ್ಚಾಗಿ ಗೆದ್ದವರದೇ. ಧೊಂಡಿಯನ ಕಡೆಯವರು ಬರೆದದ್ದೇನೂ ಇಲ್ಲ. ಅಷ್ಟಿದ್ದರೂ ಈ ಐದನೆಯ ಅಂತ್ಯವನ್ನು ನಂಬಲು ಕಾರಣಗಳಿವೆ. ವೆಲ್ಲೆಸ್ಲಿ ಮರುದಿನವೇ ಕೆನರಾ ಜಿಲ್ಲೆಯ ಕಲೆಕ್ಟರ್ ಥಾಮಸ್ ಮನ್ರೋಗೆ ಬರೆದ ಪತ್ರ ಅಚ್ಚಿಗೆಂದು ಸಿದ್ಧಪಡಿಸಿದ ವರದಿಯಲ್ಲ, ಗೆಳೆಯನಿಗೆ ಬರೆದದ್ದು. ನೀವು ಅಡ್ಡ ಬರದಿದ್ದರೆ ಧೊಂಡಿಯ ಹೊಸ ಸುಲ್ತಾನ ವಂಶವನ್ನೇ ಕಟ್ಟಿಬಿಡುತ್ತಿದ್ದ ಎಂಬಂತೆ ಮನ್ರೋ ಅದಕ್ಕೆ ತಮಾಷೆಯಾಗಿ ಉತ್ತರಿಸಿದ. ಎಲ್ಲಕ್ಕಿಂತ ಬಲವಾದ ಸಾಕ್ಷಿ ಮೌನದ್ದು. ಸೆರೆಯ ಹೊರಗಿದ್ದಾಗ ಒಂದು ಋತುವೂ ಸುಮ್ಮನಿರದವನ ಹೆಸರು ಆ ಸೆಪ್ಟೆಂಬರಿನ ನಂತರ ಯಾವ ದಂಡಿನಲ್ಲೂ ಕೇಳಿಬರಲಿಲ್ಲ.

ಇನ್ನೊಂದು ಸಾಕ್ಷಿ ಜೀವಂತವಾಗಿತ್ತು. ಸೆರೆಸಿಕ್ಕ ಸಾಮಾನಿನ ನಡುವೆ ನಾಲ್ಕು ವರ್ಷದ ಸುಮಾರಿನ ಹುಡುಗನೊಬ್ಬ ಸಿಕ್ಕ. ಅವನು ಧೊಂಡಿಯನ ಮಗ ಸಲಾಬತ್ ಖಾನ್. ವೆಲ್ಲೆಸ್ಲಿ ಅವನನ್ನು ತನ್ನ ಡೇರೆಗೆ ಕರೆತಂದು ಸಾಕಿದ, ಹಿಂದೂಸ್ತಾನ ಬಿಡುವಾಗ ಅವನ ಖರ್ಚಿಗೆ ಹಣ ಇಟ್ಟು ಹೋದ. ಹುಡುಗ ಬೆಳೆದು ಮೈಸೂರು ಅರಸರ ಚಾಕರಿ ಸೇರಿ, 1822ರಲ್ಲಿ ಕಾಲರಾದಿಂದ ತೀರಿಕೊಂಡ.

ಪೇಶ್ವಾಯಿ ಮುಗಿದು ಧಾರವಾಡವೇ ಕಂಪನಿಯ ಕೈಗೆ ಬಂದ ಮೇಲೆ ಸಾವಿನ ಸತ್ಯಾಸತ್ಯ ಬೇರೆ ರೂಪದಲ್ಲಿ ಮೇಲೆದ್ದಿತು. ಈಗ ಅನುಮಾನ ಪಟ್ಟದ್ದು ಸರಕಾರ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗ ರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಅವನು ಸಾಯುವ ಮೊದಲೇ ದತ್ತು ತೆಗೆದುಕೊಂಡಿದ್ದನೆಂಬ ಕಾಗದ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಗೆ ತಲುಪಿತು. ಸಹಿ ನಿಜವಲ್ಲ, ದತ್ತು ನಡೆದದ್ದು ಸಾವಿನ ನಂತರ ಎಂದು ಥ್ಯಾಕರೆ ಪಟ್ಟುಹಿಡಿದ. ಆ ಹಟ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಅವನ ಜೀವವನ್ನೇ ತೆಗೆದುಕೊಂಡಿತು. ಡಿಸೆಂಬರಿನಲ್ಲಿ ಕೋಟೆ ಬಿದ್ದು, ಕಿತ್ತೂರನ್ನು ಮುನ್ನಡೆಸಿದ್ದ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು.

ಮರುವರ್ಷ ಕಿತ್ತೂರಿನ ಪರವಾಗಿ ಸಂಗೊಳ್ಳಿ ರಾಯಣ್ಣ ಎದ್ದಾಗ ಕಂಪನಿ ಧೊಂಡಿಯನ ಪಾಠ ಮರೆತಿರಲಿಲ್ಲ. 1830ರ ಏಪ್ರಿಲ್‌ನಲ್ಲಿ ನಂಬಿದವರ ದ್ರೋಹದಿಂದ ಸೆರೆಸಿಕ್ಕ ರಾಯಣ್ಣನನ್ನು ಹಿಡಿದ ಜಾಗದಲ್ಲೇ ಕೊಲ್ಲಲಿಲ್ಲ. ವಿಚಾರಣೆ ನಡೆಸಿ, 1831ರ ಜನವರಿ 26ರಂದು ನಂದಗಡದಲ್ಲಿ ಎಲ್ಲರೆದುರು ಗಲ್ಲಿಗೇರಿಸಿದರು. ನಾಯಕ ಸತ್ತದ್ದರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ಆದರೆ ಬಂಡಾಯ ಸತ್ತಿತೆಂಬುದು ಸುಳ್ಳಾಯಿತು. 1833ರಲ್ಲಿ ಒಮ್ಮೆ, 1836-37ರಲ್ಲಿ ಇನ್ನೊಮ್ಮೆ ಕಿತ್ತೂರಿನ ಹೆಸರಿನಲ್ಲೇ ಜನ ಎದ್ದರು.

1858ರ ನರಗುಂದದ ಬಂಡಾಯದಲ್ಲೂ ಇದೇ ಕ್ರಮ ನಡೆಯಿತು. ಮೇ 29ರಂದು ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನ ತಲೆ ಬಿತ್ತು. ಓಡಿಹೋಗುತ್ತಿದ್ದ ನರಗುಂದದ ಅರಸ ಬಾಬಾಸಾಹೇಬ ಭಾವೆಯನ್ನು ಧಾರವಾಡದ ಪೊಲೀಸ್ ಸೂಪರಿಂಟೆಂಡೆಂಟ್ ಸೌಟರ್ ಜೂನ್ 2ರಂದು ತೊರಗಲ್ಲಿನ ಕಡೆಯ ಕಾಡಿನಲ್ಲಿ ಹಿಡಿದ. ಜೂನ್ 12ರಂದು ಬೆಳಗಾವಿಯಲ್ಲಿ ಬಹಿರಂಗವಾಗಿ ಗಲ್ಲಾಯಿತು. ಅದೇ ಕಾಲದ 1857ರ ದಂಗೆಯ ದೊಡ್ಡ ನಾಯಕ ನಾನಾಸಾಹೇಬ ಪೇಶ್ವೆ ನೇಪಾಳದ ತರಾಯಿಯಲ್ಲಿ ಜ್ವರಕ್ಕೆ ಸತ್ತನೆಂಬ ಸುದ್ದಿ 1859ರಲ್ಲೇ ಬಂತಾದರೂ ಹೆಣವನ್ನು ಇಂಗ್ಲಿಷರು ಕಾಣಲಿಲ್ಲ. ಪರಿಣಾಮವಾಗಿ ಸರಕಾರವೇ ತನ್ನ ಸುದ್ದಿಯನ್ನು ನಂಬಲಾರದೆ ವರ್ಷಗಟ್ಟಲೆ ಬೈರಾಗಿಗಳನ್ನು ಹಿಡಿದು ಬಿಡುತ್ತ ಹೋಯಿತು. 1874ರಲ್ಲಿ ಗ್ವಾಲಿಯರಿನ ಸಿಂಧಿಯಾ ಹಿಡಿದುಕೊಟ್ಟವನೂ ನಾನಾ ಅಲ್ಲವೆಂದಾಯಿತು.

ಸ್ವಾತಂತ್ರ್ಯದ ನಂತರದ ಕರ್ನಾಟಕದಲ್ಲಿ ಈ ಅನುಮಾನದ ಸ್ವರೂಪ ಬದಲಾಗಿದೆ. ಸತ್ತನೇ ಎಂಬುದಕ್ಕಿಂತ ಹೇಗೆ ಸತ್ತ ಎಂದು ಕೇಳುವವರು ಹೆಚ್ಚಾದರು. 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪರಪಟ್ಟಿಯ ಹತ್ತಿರ ತಮಿಳುನಾಡಿನ ವಿಶೇಷ ಕಾರ್ಯಪಡೆ ಕಾಡುಗಳ್ಳ ವೀರಪ್ಪನ್ನನನ್ನೂ ಮೂವರು ಸಂಗಡಿಗರನ್ನೂ ಕೊಂದಿತು. ಕಣ್ಣಿನ ಚಿಕಿತ್ಸೆಗೆಂದು ಆಂಬುಲೆನ್ಸಿನಲ್ಲಿ ಹೊರಟವನನ್ನು ತಡೆದು, ಶರಣಾಗಲು ಹೇಳಿ, ಗುಂಡು ಬಂದಾಗ ಗುಂಡು ಹಾರಿಸಿದೆವು ಎಂಬುದು ಪೊಲೀಸರ ಹೇಳಿಕೆ. ದೇಹವನ್ನು ಜನ ಕಂಡರು, ಮನೆಯವರು ಮೇಟ್ಟೂರಿನ ಬಳಿಯ ಮೂಲಕ್ಕಾಡಿನಲ್ಲಿ ಮಣ್ಣು ಮಾಡಿದರು. ಡಾ. ರಾಜ್‌ಕುಮಾರ್ ಅವರನ್ನು 108 ದಿನ ಒತ್ತೆಯಿಟ್ಟುಕೊಂಡವನ ಹೆಸರುವಾಸಿ ಮೀಸೆ ಹೆಣದ ಮೇಲೆ ಕತ್ತರಿಸಿದಂತೆ ಚಿಕ್ಕದಾಗಿತ್ತು. ಅದರಿಂದ ಇವನು ಅವನೇ ಹೌದೋ ಎಂಬ ಗುಸುಗುಸು ಕೆಲದಿನ ಎದ್ದು ಅಡಗಿತು. ಅವನನ್ನು ಮೊದಲೇ ಸೆರೆಹಿಡಿದು ಆಮೇಲೆ ಕೊಂದರು ಎಂಬ ಆರೋಪ ಮಾತ್ರ ಅಡಗಲಿಲ್ಲ. ಮಾನವ ಹಕ್ಕು ಸಂಘಟನೆಗಳು ಅದನ್ನು ಎತ್ತಲು ಹಿನ್ನೆಲೆಯೂ ಇತ್ತು. ಎರಡೂ ರಾಜ್ಯಗಳ ಕಾರ್ಯಪಡೆಗಳು ಕಾಡಂಚಿನ ಹಳ್ಳಿಗರಿಗೆ ಕೊಟ್ಟ ಹಿಂಸೆಯನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ನೇತೃತ್ವದ ಸಮಿತಿ ವಿಚಾರಿಸಿತ್ತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಜನರಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಹಳ್ಳಿಗರನ್ನು ಹಾಗೆ ನಡೆಸಿಕೊಂಡ ಪಡೆಯ ಮಾತನ್ನು ಅದೇ ಹಳ್ಳಿಗರು ಸುಲಭವಾಗಿ ನಂಬಲಿಲ್ಲವೆಂದರೆ ತಪ್ಪು ಹಳ್ಳಿಗರದಲ್ಲ.

2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯ ಮೆಣಸಿನಹಾಡ್ಯದಲ್ಲಿ ಕರ್ನಾಟಕದ ನಕ್ಸಲ್ ಗುಂಪಿನ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದ. ಸಾಕಿ ಎಂಬ ಹೆಸರಿನಲ್ಲಿ ಕರ್ನಾಟಕದ ಇತಿಹಾಸವನ್ನು ಎರಡು ಸಂಪುಟಗಳಲ್ಲಿ ಬರೆದಿದ್ದವನು ಈತನೇ. ಎರಡನೆಯ ಸಂಪುಟದ ವಸ್ತು 1800ರಿಂದ 1857ರವರೆಗಿನ ಸಶಸ್ತ್ರ ಹೋರಾಟ, ಅಂದರೆ ಧೊಂಡಿಯನಿಂದ ಮೊದಲಾದ ಕಾಲ. ಪೊಲೀಸರು ಎನ್‌ಕೌಂಟರ್ ಎಂದರು, ಬೆಂಬಲಿಗರು ಮತ್ತು ಹಲವು ಬರಹಗಾರರು ನ್ಯಾಯಾಂಗ ತನಿಖೆ ಕೇಳಿದರು. ನಾಯಕ ಹೋದ ಮೇಲೆ ಗುಂಪು ಮುಗಿಯಿತೆಂಬ ಮಾತು ಒಂದು ವಾರವೂ ನಿಲ್ಲಲಿಲ್ಲ. ಫೆಬ್ರವರಿ 10ರ ರಾತ್ರಿ ಪಾವಗಡ ತಾಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಮೀಸಲು ಪೊಲೀಸರ ಬಿಡಾರದ ಮೇಲೆ ನಕ್ಸಲರ ದಾಳಿಯಾಗಿ ಪೊಲೀಸರು ಸತ್ತರು.

ಇಂಥ ಸಾವುಗಳ ಬಗ್ಗೆ ಸರಕಾರದ ಹೇಳಿಕೆಯೊಂದೇ ಸಾಲದೆಂಬುದನ್ನು ಸುಪ್ರೀಂ ಕೋರ್ಟ್ 2014ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ ಕಾನೂನಿನ ಮಾತಾಗಿಸಿತು. ಪೊಲೀಸ್ ಗುಂಡಿಗೆ ಯಾರೇ ಸತ್ತರೂ ಎಫ್‌ಐಆರ್ ದಾಖಲಾಗಬೇಕು, ಗುಂಡು ಹಾರಿಸಿದ ತಂಡಕ್ಕೆ ಸಂಬಂಧವಿಲ್ಲದ ಸಿಐಡಿ ಅಥವಾ ಬೇರೆ ಠಾಣೆಯ ಪೊಲೀಸರು ತನಿಖೆ ಮಾಡಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು, ಶವಪರೀಕ್ಷೆಯ ಚಿತ್ರೀಕರಣವಾಗಬೇಕು, ಅನುಮಾನ ತೀರುವವರೆಗೆ ಸಂಬಂಧಪಟ್ಟ ಅಧಿಕಾರಿಗಳಿಗೆ ಸರದಿ ಮೀರಿದ ಬಡ್ತಿಯಾಗಲಿ ತಕ್ಷಣದ ಶೌರ್ಯಪದಕವಾಗಲಿ ಸಲ್ಲದು. 2024ರ ನವೆಂಬರ್ 18ರಂದು ಉಡುಪಿ ಜಿಲ್ಲೆಯ ಹೆಬ್ರಿ ತಾಲೂಕಿನ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಸತ್ತಾಗ ಮತ್ತೆ ಅವೇ ಪ್ರಶ್ನೆಗಳು ಎದ್ದವು. ಗುಂಪಿನ ಉಳಿದವರಲ್ಲಿ ಆರು ಜನ 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಎದುರು ಬಂದು, ಜೀವಂತವಾಗಿ, ಕ್ಯಾಮೆರಾಗಳ ಮುಂದೆ ಶರಣಾದರು.